ಲೈಮ್ ಕಾಯಿಲೆ ಬಂದವರ ಕಾಲು ನೋವು: ಮಂಡಿಯೋ, ನರವೋ, ಇನ್ನೇನೋ?

ಓದುಗರ ಪ್ರಶ್ನೆ, ವೈದ್ಯರ ಉತ್ತರ

ಹೋದ ಸಂಚಿಕೆಯಲ್ಲಿ ಲೈಮ್ ಕಾಯಿಲೆಯ ಬಗ್ಗೆ ಸ್ವಲ್ಪ ಬರೆದಿದ್ದೆ. ಉಣುಗು ಕಚ್ಚಿದಾಗ ಬೊರೇಲಿಯಾ ಎಂಬ ಬ್ಯಾಕ್ಟೀರಿಯಾ ಮೈಗೆ ಸೇರಿ ಬರುವ ಸೋಂಕು ಇದು. ಉತ್ತರ ಅಮೆರಿಕ, ಯುರೋಪು ಮತ್ತು ಏಷ್ಯಾದ ತಂಪು ಕಾಡುಗಳ ಸುತ್ತಮುತ್ತ ಜಾಸ್ತಿ. ಅದನ್ನು ಓದಿ ಪತ್ರ ಬರೆದವರಲ್ಲಿ ಹೆಚ್ಚಿನವರು ಕೇಳಿರುವುದು ಕಾಲಿನ ಬಗ್ಗೆ. ನಾನು ಕೀಲು ರೋಗಗಳ ವೈದ್ಯ. ಮಾತು ಮಂಡಿಯ ಕಡೆಗೇ ವಾಲಿದರೆ ಸಹಿಸಿಕೊಳ್ಳಿ.

ಪ್ರಶ್ನೆ: ಡಾಕ್ಟರೇ, ನನಗೆ 47 ವರ್ಷ. ಹೋದ ಬೇಸಿಗೆಯಲ್ಲಿ ತೊಡೆಯ ಹಿಂದೆ ಅಂಗೈಯಗಲ ಕೆಂಪಾಗಿತ್ತು. ಅಲರ್ಜಿ ಅಂದುಕೊಂಡು ಮುಲಾಮು ಹಚ್ಚಿ ಮರೆತೆ. ಚಳಿಗಾಲದಲ್ಲಿ ಬಲಗಾಲಿನ ಮಂಡಿ ಊದಿತು. ರಕ್ತ ಪರೀಕ್ಷೆಯಲ್ಲಿ ಲೈಮ್ ಅಂತ ಬಂತು. 28 ದಿನ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್ ಮಾತ್ರೆ ತೆಗೆದುಕೊಂಡೆ. ಮುಗಿದು ಎರಡು ತಿಂಗಳಾಯಿತು. ಊತ ಅರ್ಧ ಇಳಿದಿದೆ ಅಷ್ಟೆ. ಈ ವಾರ ಅದೇ ಕಾಲಿನ ಮೀನಖಂಡ ಬಿಗಿದುಕೊಂಡಿದೆ, ಸಾಕ್ಸಿನ ಗುರುತು ಆ ಕಾಲಿನಲ್ಲಿ ಮಾತ್ರ ಆಳವಾಗಿ ಬೀಳುತ್ತಿದೆ. ಹಿಮ್ಮಡಿಯ ಹಿಂಭಾಗ ಬೆಳಿಗ್ಗೆ ನೆಲಕ್ಕೆ ಊರಲು ಆಗುವುದಿಲ್ಲ. ರಾತ್ರಿ ಎರಡೂ ಪಾದ ಉರಿಯುತ್ತವೆ. ನಡುವೆ ಮೂತ್ರದ ಸೋಂಕಿಗೆ ಲೆವೊಫ್ಲಾಕ್ಸಸಿನ್ ತೆಗೆದುಕೊಂಡಿದ್ದೆ. ಅತ್ತಿಗೆ ಕಳಿಸಿದ ನರದ ಮಾತ್ರೆಗಳನ್ನೂ ನುಂಗುತ್ತಿದ್ದೇನೆ. ಇಷ್ಟೂ ಲೈಮ್‌ನದೇ ಕಾಟವಾ? ಆರು ತಿಂಗಳು ಇಂಜೆಕ್ಷನ್ ಕೊಡಿಸಿಕೊಂಡರೆ ಬೇರುಸಹಿತ ಹೋಗುತ್ತದೆ ಅಂತ ಒಬ್ಬರು ಹೇಳಿದರು.

ಉತ್ತರ: ಈ ಪುಟ ಓದಿ ಮುಗಿಸುವ ಮೊದಲೇ ಮೀನಖಂಡವನ್ನು ತೋರಿಸಿಕೊಂಡು ಬನ್ನಿ. ಇವತ್ತೇ. ಉಳಿದ ಮೂರು ನೋವು ಕಾಯಬಹುದು, ಅದು ಕಾಯುವುದಲ್ಲ.

ಯಾಕೆ ಅಂದರೆ, ಮಂಡಿಯಲ್ಲಿ ನೀರು ತುಂಬಿದಾಗ ಅದು ಹಿಂದಕ್ಕೆ ಒತ್ತಿ, ಮಂಡಿಯ ಹಿಂದುಗಡೆ ಒಂದು ಚೀಲ ಮಾಡಿಕೊಳ್ಳುತ್ತದೆ. ಬೇಕರ್ಸ್ ಸಿಸ್ಟ್ ಅನ್ನುತ್ತಾರೆ. ಲೈಮ್ ಮಂಡಿಯಲ್ಲಿ ಇದು ಸಾಮಾನ್ಯ. ಆ ಚೀಲ ಒಡೆದರೆ ನೀರು ಮೀನಖಂಡಕ್ಕೆ ಇಳಿಯುತ್ತದೆ. ಕಾಲು ಊದುತ್ತದೆ, ಕೆಂಪಾಗುತ್ತದೆ, ಮುಟ್ಟಿದರೆ ನೋವು. ಕಾಲಿನ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದರೂ ಥೇಟ್ ಹೀಗೇ ಕಾಣುತ್ತದೆ. ಮಂಡಿ ನೋವಿನಿಂದ ಓಡಾಟ ಕಡಿಮೆ ಮಾಡಿದವರಿಗೆ ಹೆಪ್ಪುಗಟ್ಟುವ ಅಪಾಯವೂ ಜಾಸ್ತಿ. ಕೈಯಿಂದ ಮುಟ್ಟಿ ಇದು ಅದಲ್ಲ ಅಂತ ನಾನೂ ಹೇಳಲಾರೆ, ಯಾರೂ ಹೇಳಬಾರದು. ಅಲ್ಟ್ರಾಸೌಂಡ್ ಬೇಕು. ನನ್ನ ಜೇಬಿನಲ್ಲಿ ಯಾವಾಗಲೂ ಬಟ್ಟೆ ಅಳೆಯುವ ಟೇಪು ಇರುತ್ತದೆ. ಮಂಡಿಯ ಕೆಳಗೆ ಮುಂಗಾಲಿನ ಮೂಳೆಯ ಉಬ್ಬು ಸಿಗುತ್ತದಲ್ಲ, ಅಲ್ಲಿಂದ 10 ಸೆಂಟಿಮೀಟರ್ ಕೆಳಗೆ ಎರಡೂ ಕಾಲಿನ ಸುತ್ತಳತೆ ನೋಡುತ್ತೇನೆ. 3 ಸೆಂಟಿಮೀಟರಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಅನುಮಾನ ಗಟ್ಟಿ. ವ್ಯತ್ಯಾಸ ಕಡಿಮೆ ಇದ್ದ ಮಾತ್ರಕ್ಕೆ ಏನೂ ಇಲ್ಲ ಅಂತಲ್ಲ. ಇದರ ಜೊತೆಗೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಆಂಬ್ಯುಲೆನ್ಸ್ ಕರೆಯಿರಿ.

ಈಗ ಮಂಡಿ. ಈ ಕಾಯಿಲೆ ಲೋಕದ ಕಣ್ಣಿಗೆ ಬಿದ್ದದ್ದೇ ಮಂಡಿಯಿಂದ. 1975ರ ಹೊತ್ತಿಗೆ ಅಮೆರಿಕದ ಕನೆಕ್ಟಿಕಟ್ ರಾಜ್ಯದ ಲೈಮ್, ಓಲ್ಡ್ ಲೈಮ್ ಎಂಬ ಊರುಗಳಲ್ಲಿ ಒಬ್ಬರ ಹಿಂದೆ ಒಬ್ಬರು ಮಕ್ಕಳ ಮಂಡಿ ಊದತೊಡಗಿತ್ತು. ಮಕ್ಕಳಿಗೆ ಬರುವ ಸಂಧಿವಾತ ಅಂತ ವೈದ್ಯರು ಹೆಸರಿಟ್ಟರು. ಒಂದೇ ಬೀದಿಯ ಇಷ್ಟು ಮಕ್ಕಳಿಗೆ ಅದು ಹೇಗೆ ಬರುತ್ತದೆ ಅಂತ ಪಟ್ಟು ಹಿಡಿದು ಕೇಳಿದವರು ತಾಯಂದಿರು. ಅಲೆನ್ ಸ್ಟಿಯರ್ ಮತ್ತು ಸಂಗಡಿಗರು ಅಲ್ಲಿನ 51 ಮಂದಿಯ ವಿವರವನ್ನು 1977ರಲ್ಲಿ ಪ್ರಕಟಿಸಿದರು. ಅವರಲ್ಲಿ 39 ಜನ ಮಕ್ಕಳು. ಉಣುಗಿನ ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾವನ್ನು ವಿಲಿ ಬರ್ಗ್‌ಡಾರ್ಫರ್ ಗುರುತಿಸಿದ ವರದಿ ಬಂದದ್ದು 1982ರಲ್ಲಿ. ತಾಯಂದಿರ ಮಾತನ್ನು ಕೇಳಿಸಿಕೊಳ್ಳುವ ಅಭ್ಯಾಸ ಆಗಿನಿಂದಲಾದರೂ ನಮ್ಮ ವೃತ್ತಿಗೆ ಬರಬೇಕಿತ್ತು. ಇರಲಿ.

ಲೈಮ್ ಮಂಡಿಗೆ ಒಂದು ಗುಣ ಇದೆ. ಊತ ಭಾರಿ, ನೋವು ಅದಕ್ಕೆ ತಕ್ಕಷ್ಟು ಇರುವುದಿಲ್ಲ. ಇಷ್ಟು ಊದಿದ ಮಂಡಿ ಹೊತ್ತು ಈ ಮನುಷ್ಯ ಹೇಗೆ ನಡೆದುಕೊಂಡು ಬಂದ ಅಂತ ನಮಗೇ ಆಶ್ಚರ್ಯವಾಗುತ್ತದೆ. ಸೋಂಕಾಗಿ ತಿಂಗಳುಗಳ ಮೇಲೆ ಬರುತ್ತದೆ, ನಿಮಗೆ ಬಂದ ಹಾಗೆ. ತೊಡೆಯ ಆ ಕೆಂಪು ಬಹುಶಃ ಅಲರ್ಜಿಯಲ್ಲ, ಲೈಮ್‌ನ ಮೊದಲ ಮಚ್ಚೆ. ಮಂಡಿ ಬೆಂಕಿಯಂತೆ ಬಿಸಿಯಾಗಿ, ಜೋರು ಜ್ವರ ಬಂದು, ಕಾಲು ಒಂದಿಷ್ಟೂ ಅಲುಗಿಸಲು ಆಗದಿದ್ದರೆ ಅದು ಬೇರೆ. ಕೀಲಿನಲ್ಲಿ ಕೀವಾಗಿರಬಹುದು, ತಡಮಾಡುವಂತಿಲ್ಲ.

28 ದಿನದ ಮಾತ್ರೆ ಮುಗಿದ ಕೂಡಲೇ ಊತ ಪೂರ್ತಿ ಇಳಿಯಲೇಬೇಕು ಅಂತೇನಿಲ್ಲ. ಸಣ್ಣದಾಗಿ ಉಳಿದಿದ್ದರೆ ಸ್ವಲ್ಪ ಸಮಯ ಕಾದು ನೋಡುವುದೂ ಉಂಟು. ನಿಮ್ಮಂತೆ ಅರ್ಧ ಉಳಿದಿದ್ದರೆ ಮಂಡಿಯ ನೀರು ತೆಗೆದು ಪರೀಕ್ಷೆ ಮಾಡಬೇಕು. ಬೇಕಾದರೆ ಇನ್ನೊಂದು ಸುತ್ತು ಮಾತ್ರೆ, ಇಲ್ಲವೇ 2ರಿಂದ 4 ವಾರ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್. ಅಲ್ಲಿಗೂ ನಿಲ್ಲದಿದ್ದರೆ ಆ್ಯಂಟಿಬಯೋಟಿಕ್ ನಿಲ್ಲಿಸಬೇಕು. ಕೆಲವರಲ್ಲಿ ಬ್ಯಾಕ್ಟೀರಿಯಾ ಸತ್ತ ಮೇಲೂ ಕೀಲಿನ ಒಳಪೊರೆಯ ಉರಿಯೂತ ತಣಿಯುವುದಿಲ್ಲ. ಮೈಯ ರಕ್ಷಣಾ ವ್ಯವಸ್ಥೆ ಯುದ್ಧ ಮುಂದುವರಿಸುತ್ತದೆ. ಅದಕ್ಕೆ ಮದ್ದು ಬೇರೆ: ಆ ಯುದ್ಧವನ್ನು ತಣಿಸುವ ಮೆಥೊಟ್ರೆಕ್ಸೇಟ್ ಥರದ್ದು. ಆಗ ನೀವು ನನ್ನಂಥವರ ಹತ್ತಿರ ಬರಬೇಕು.

ಹಿಮ್ಮಡಿಯ ಹಿಂಭಾಗ ಅಂದಿರಿ. ಅಲ್ಲಿರುವುದು ಅಕಿಲಿಸ್ ಸ್ನಾಯುರಜ್ಜು. ಲೆವೊಫ್ಲಾಕ್ಸಸಿನ್, ಸಿಪ್ರೊಫ್ಲಾಕ್ಸಸಿನ್ ಗುಂಪಿನ ಔಷಧಗಳು ಇದೇ ರಜ್ಜುವನ್ನು ಕೆಡಿಸಬಲ್ಲವು, ಕೆಲವೊಮ್ಮೆ ಹರಿದುಹೋಗುವಷ್ಟು. ಔಷಧ ನಿಲ್ಲಿಸಿ ವಾರಗಳೋ ತಿಂಗಳುಗಳೋ ಆದಮೇಲೂ ಬರಬಹುದು. ಜೊತೆಗೆ ಸ್ಟೀರಾಯ್ಡ್ ತೆಗೆದುಕೊಂಡಿದ್ದರೆ ಅಪಾಯ ಇನ್ನೂ ಹೆಚ್ಚು. ನೀವು ಈ ಮಾತ್ರೆಯ ಹೆಸರು ಬರೆದಿದ್ದು ಒಳ್ಳೆಯದಾಯಿತು. ಇನ್ನು ಮುಂದೆ ಯಾವ ಡಾಕ್ಟರ ಹತ್ತಿರ ಹೋದರೂ ಮೊದಲೇ ಹೇಳಿ, ಆ ಗುಂಪಿನ ಔಷಧ ಬೇಡ ಅಂತ. ಸದ್ಯಕ್ಕೆ ಓಟ, ಜಿಗಿತ ನಿಲ್ಲಿಸಿ.

ಇನ್ನೊಂದು ಕಾರಣವೂ ಇರಬಹುದು. ಮಂಡಿಯಲ್ಲಿ ನೀರು ನಿಂತರೆ ತೊಡೆಯ ಮುಂಭಾಗದ ಸ್ನಾಯು ಸೋಮಾರಿಯಾಗುತ್ತದೆ, ಕೆಲವೇ ವಾರಗಳಲ್ಲಿ ಕರಗುತ್ತದೆ. ಎರಡೂ ತೊಡೆ ಬಿಗಿಹಿಡಿದು ನೋಡಿ, ಬಲಗಡೆ ಸೊರಗಿರುವುದು ಕಣ್ಣಿಗೇ ಕಾಣುತ್ತದೆ. ಆಗ ನಡಿಗೆ ಓರೆಯಾಗುತ್ತದೆ. ಆ ಭಾರ ಹಿಮ್ಮಡಿ, ಸೊಂಟ, ಇನ್ನೊಂದು ಮಂಡಿಯ ಮೇಲೆ ಬೀಳುತ್ತದೆ. ಲೈಮ್ ಹೋದಮೇಲೂ ಕಾಲು ನೋವು ಉಳಿದವರಲ್ಲಿ ಈ ಸೊರಗಿದ ತೊಡೆಯನ್ನು ನಾನು ಬಹಳ ನೋಡಿದ್ದೇನೆ. ಫಿಸಿಯೋಥೆರಪಿ ಇಲ್ಲದೆ ಇದು ತಾನಾಗಿ ಸರಿಹೋಗುವುದು ಕಷ್ಟ. ವಿಚಿತ್ರ ಅಂದರೆ, ಔಷಧ ಚೀಟಿಯಲ್ಲಿ ಆರು ಮಾತ್ರೆ ಬರೆಯುವವರೂ ಇದೊಂದನ್ನು ಬರೆಯುವುದಿಲ್ಲ.

ಪಾದದ ಉರಿ ಎರಡೂ ಕಡೆ, ಸಾಕ್ಸ್ ಹಾಕುವಷ್ಟು ಜಾಗದಲ್ಲಿ ಸಮನಾಗಿ ಇದೆ ಅಲ್ವಾ? ಲೈಮ್ ನರಕ್ಕೆ ಹೊಡೆದರೆ ಸಾಮಾನ್ಯವಾಗಿ ಅಲ್ಲೊಂದು ಇಲ್ಲೊಂದು ನರವನ್ನು ಹಿಡಿಯುತ್ತದೆ. ಹೀಗೆ ಸಮವಾಗಿ ಉರಿದರೆ ಮೊದಲು ಸಕ್ಕರೆ, ಬಿ12, ಥೈರಾಯ್ಡ್ ನೋಡಿಸಿ. ಅತ್ತಿಗೆಯ ಮಾತ್ರೆಯ ಪಟ್ಟಿಯನ್ನು ತಿರುಗಿಸಿ ಓದಿ. ಬಿ6, ಅಂದರೆ ಪಿರಿಡಾಕ್ಸಿನ್, ಎಷ್ಟಿದೆ? ನರಕ್ಕೆ ಒಳ್ಳೆಯದು ಅಂತ ಮಾರುವ ಇದೇ ವಿಟಮಿನ್ ಹೆಚ್ಚಿನ ಪ್ರಮಾಣದಲ್ಲಿ ತಿಂಗಳುಗಟ್ಟಲೆ ಹೋದರೆ ನರವನ್ನೇ ಕೆಡಿಸುತ್ತದೆ. ಎರಡು ಮೂರು ಬಗೆಯ ಮಾತ್ರೆಗಳಲ್ಲಿ ಅದೇ ಇದ್ದರೆ ಒಟ್ಟು ಲೆಕ್ಕ ಎಲ್ಲಿಗೋ ಹೋಗಿರುತ್ತದೆ. ಲೈಮ್‌ಗೆ ಅಂತ ಕೆಲವರು ಉದ್ದಕ್ಕೆ ಕೊಡುವ ಮೆಟ್ರೊನಿಡಜೋಲ್ ಕೂಡ ಪಾದ ಉರಿಸುತ್ತದೆ. ಅದನ್ನು ತೆಗೆದುಕೊಂಡಿಲ್ಲ ತಾನೆ?

ಆರು ತಿಂಗಳ ಇಂಜೆಕ್ಷನ್ ಬೇಡ. ಇದನ್ನು ಸುಮ್ನೆ ಹೇಳುತ್ತಿಲ್ಲ, ಪರೀಕ್ಷೆ ಮಾಡಿ ನೋಡಿದ್ದಾರೆ. ನೆದರ್ಲೆಂಡ್ಸ್‌ನಲ್ಲಿ 280 ಜನರ ಮೇಲೆ ನಡೆದ ಅಧ್ಯಯನದ ಫಲಿತಾಂಶ 2016ರಲ್ಲಿ ಬಂತು. ಎಲ್ಲರಿಗೂ ಮೊದಲು ಎರಡು ವಾರ ಸೆಫ್ಟ್ರಿಯಾಕ್ಸೋನ್. ಆಮೇಲೆ ಕೆಲವರಿಗೆ 12 ವಾರ ಆ್ಯಂಟಿಬಯೋಟಿಕ್, ಉಳಿದವರಿಗೆ ಔಷಧವಿಲ್ಲದ ಬರೀ ಮಾತ್ರೆ. ಕೊನೆಗೆ ಎರಡು ಕಡೆಯವರ ಸ್ಥಿತಿಯಲ್ಲೂ ವ್ಯತ್ಯಾಸ ಕಾಣಲಿಲ್ಲ. ತಿಂಗಳುಗಟ್ಟಲೆ ರಕ್ತನಾಳದಲ್ಲಿ ಕೊಳವೆ ಇಟ್ಟುಕೊಂಡರೆ ಅಲ್ಲೇ ಸೋಂಕಾಗಬಹುದು, ಅಲ್ಲೇ ರಕ್ತ ಹೆಪ್ಪುಗಟ್ಟಬಹುದು. ಸೆಫ್ಟ್ರಿಯಾಕ್ಸೋನ್ ಪಿತ್ತಕೋಶದಲ್ಲಿ ಕಲ್ಲಿನಂತೆ ಕೂರುವುದೂ ಇದೆ.

ಪ್ರಶ್ನೆ: ಅಪ್ಪನಿಗೆ 68. ತೋಟದ ಕೆಲಸ ಮಾಡುವಾಗ ಸೊಂಟಕ್ಕೆ ಉಣುಗು ಕಚ್ಚಿತ್ತು, ಕಿತ್ತು ಹಾಕಿದರು. ಒಂದು ತಿಂಗಳ ಮೇಲೆ ಸೊಂಟದಿಂದ ಎಡಗಾಲಿಗೆ ಇಳಿಯುವ ನೋವು ಶುರುವಾಯಿತು. ಹಗಲು ಪರವಾಗಿಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ನಡುಮನೆಯಲ್ಲಿ ತಿರುಗುತ್ತಾರೆ. ನೋವಿನ ಮಾತ್ರೆ ನಾಟುತ್ತಿಲ್ಲ. ಎಂಆರ್‌ಐ ಮಾಡಿಸಿದೆವು, ಡಿಸ್ಕ್ ಸ್ವಲ್ಪ ಉಬ್ಬಿದೆಯಂತೆ, ಆಪರೇಷನ್ ಮಾಡಿಸಿ ಅಂದಿದ್ದಾರೆ. ನಿನ್ನೆಯಿಂದ ಬಾಯಿ ಒಂದು ಕಡೆ ಎಳೆದಂತಿದೆ, ಎಡಗಣ್ಣು ಪೂರ್ತಿ ಮುಚ್ಚುತ್ತಿಲ್ಲ. ಇದಕ್ಕೂ ಉಣುಗಿಗೂ ಸಂಬಂಧ ಇದೆಯಾ?

ಉತ್ತರ: ನಿಮ್ಮ ಪತ್ರಕ್ಕೆ ಸಂಪಾದಕರು ಆಗಲೇ ಫೋನಿನಲ್ಲಿ ಉತ್ತರ ತಿಳಿಸಿದ್ದಾರೆ. ಬೇರೆಯವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಮುಖ ಓರೆಯಾದರೆ ಪತ್ರ ಬರೆಯಬೇಡಿ, ಆಸ್ಪತ್ರೆಗೆ ಹೋಗಿ. ಪಾರ್ಶ್ವವಾಯು ಅಲ್ಲ ಅನ್ನುವುದು ಮೊದಲು ಖಾತ್ರಿಯಾಗಬೇಕು.

ಅದಾದ ಮೇಲೆ, ಹೌದು, ಸಂಬಂಧ ಇರಬಹುದು. ಬೊರೇಲಿಯಾ ಬೆನ್ನುಹುರಿಯಿಂದ ಹೊರಡುವ ನರಗಳ ಬೇರಿಗೆ ಹೋಗಿ ಕೂತರೆ ಇಂಥ ನೋವು ಬರುತ್ತದೆ. ಉಣುಗು ಕಚ್ಚಿದ ಮೇಲೆ ಹೀಗೆ ನರದ ನೋವು, ಬಲಹೀನತೆ ಬಂದ ಒಬ್ಬ ರೋಗಿಯ ಬಗ್ಗೆ ಫ್ರಾನ್ಸಿನ ಗಾರಾಂ ಮತ್ತು ಬುಜಾದೂ 1922ರಲ್ಲೇ ಬರೆದಿದ್ದರು. ಜರ್ಮನಿಯ ಬಾನ್‌ವಾರ್ಟ್ 1941ರಲ್ಲಿ ವಿವರವಾಗಿ ಬರೆದರು, ಈಗ ಅವರ ಹೆಸರೇ ಈ ನೋವಿಗಿದೆ. ಯುರೋಪಿನಲ್ಲಿ ಇದನ್ನು ಅಮೆರಿಕಕ್ಕಿಂತ ಹೆಚ್ಚು ಕಾಣುತ್ತೇವೆ, ಅಲ್ಲಿನ ಬೊರೇಲಿಯಾ ತಳಿಗಳೇ ಬೇರೆ.

ಡಿಸ್ಕ್ ನೋವಿಗೂ ಇದಕ್ಕೂ ಇರುವ ವ್ಯತ್ಯಾಸ ನಿಮ್ಮ ತಂದೆಯವರ ರಾತ್ರಿಯಲ್ಲೇ ಇದೆ. ಡಿಸ್ಕಿನದು ಬಗ್ಗಿದಾಗ, ಭಾರ ಎತ್ತಿದಾಗ, ಕೆಮ್ಮಿದಾಗ ಜಾಸ್ತಿ. ಮಲಗಿದರೆ ಎಷ್ಟೋ ಜನರಿಗೆ ಆರಾಮ. ಇದು ತಿರುಗಾಮುರುಗಾ. ರಾತ್ರಿ ಏರುತ್ತದೆ, ಉರಿಯುತ್ತದೆ, ಇವತ್ತು ತೊಡೆ, ನಾಳೆ ಬೆನ್ನು ಅಂತ ಜಾಗ ಬದಲಿಸುತ್ತದೆ. ಸಾಮಾನ್ಯ ನೋವಿನ ಮಾತ್ರೆಗೆ ಬಗ್ಗುವುದಿಲ್ಲ. ಅದರ ಹಿಂದೆಯೇ ಮುಖದ ನರ ಬಿದ್ದರೆ ಅನುಮಾನ ಪಡಲೇಬೇಕು. 68ರ ವಯಸ್ಸಿನಲ್ಲಿ ಎಂಆರ್‌ಐ ತೆಗೆದರೆ ಹೆಚ್ಚಿನವರಲ್ಲಿ ಡಿಸ್ಕ್ ಸ್ವಲ್ಪ ಉಬ್ಬಿರುವುದು ಕಾಣುತ್ತದೆ, ನನ್ನದು ತೆಗೆದರೂ ಅಷ್ಟೆ. ಚಿತ್ರದಲ್ಲಿ ಕಂಡದ್ದೆಲ್ಲ ನೋವಿಗೆ ಕಾರಣ ಅಲ್ಲ.

ರಕ್ತದಲ್ಲಿ ಪ್ರತಿಕಾಯ ನೋಡುತ್ತಾರೆ. ಸೊಂಟದಿಂದ ಸೂಜಿ ಹಾಕಿ ಬೆನ್ನುಹುರಿಯ ದ್ರವ ತೆಗೆದರೆ ಬಿಳಿರಕ್ತಕಣ ಏರಿರುವುದು ಗೊತ್ತಾಗುತ್ತದೆ. ಆ ಸೂಜಿಗೆ ಹೆದರುವವರೇ ಜಾಸ್ತಿ, ಆದರೆ ಬೇಡದ ಆಪರೇಷನ್‌ಗಿಂತ ಅದು ಸಾವಿರ ಪಾಲು ವಾಸಿ. ಲೈಮ್ ಅಂತ ಖಚಿತವಾದರೆ 2ರಿಂದ 3 ವಾರ ಡಾಕ್ಸಿಸೈಕ್ಲಿನ್ ಮಾತ್ರೆ ಅಥವಾ ಸೆಫ್ಟ್ರಿಯಾಕ್ಸೋನ್. ಈ ನೋವು ಬಹುಪಾಲು ಜನರಲ್ಲಿ ಔಷಧ ಶುರುವಾದ ಕೆಲವೇ ದಿನಗಳಲ್ಲಿ ಇಳಿಯತೊಡಗುತ್ತದೆ. ಕಾಲಿನ ಬಲ ಬರಲು ತಡವಾಗಬಹುದು. ಕಣ್ಣು ಮುಚ್ಚದಿದ್ದರೆ ಒಣಗಿ ಹುಣ್ಣಾಗುತ್ತದೆ, ಹನಿ ಹಾಕಿ ರಾತ್ರಿ ಮುಚ್ಚಿಡಬೇಕು. ತಲೆ ಸುತ್ತಿ ಬಿದ್ದರೆ ಅಥವಾ ಎದೆ ಹೊಡೆತ ಏರುಪೇರಾದರೆ ಇಸಿಜಿ ಮಾಡಿಸಿ, ಲೈಮ್ ಹೃದಯದ ವಿದ್ಯುತ್ ದಾರಿಯನ್ನೂ ತಡೆಯಬಲ್ಲದು.

ಒಂದು ವಿಷಯದಲ್ಲಿ ಮಾತ್ರ ಆಪರೇಷನ್ ಹೇಳಿದವರ ಪರ ನಾನು. ಮೂತ್ರ ಕಟ್ಟಿದರೆ, ಕೂರುವ ಜಾಗದಲ್ಲಿ ಸ್ಪರ್ಶ ಹೋದರೆ, ಎರಡೂ ಕಾಲು ಸೋತರೆ, ಲೈಮ್ ಇರಲಿ ಬಿಡಲಿ, ಆ ಗಂಟೆಯೇ ತುರ್ತು ವಿಭಾಗಕ್ಕೆ ಹೋಗಬೇಕು.

ಪ್ರಶ್ನೆ: ನಮ್ಮ ಅತ್ತೆಯವರಿಗೆ ಎಡ ಮುಂಗಾಲು ಎರಡು ವರ್ಷದಿಂದ ನೀಲಿಗೆಂಪು ಬಣ್ಣ. ಮೊದಲು ಊದಿತ್ತು, ಈಗ ಚರ್ಮ ತೆಳುವಾಗಿ ಸುಕ್ಕುಗಟ್ಟಿ ರಕ್ತನಾಳಗಳು ಎದ್ದು ಕಾಣುತ್ತವೆ. ಮೇಜಿಗೆ ತಾಗಿದರೂ ಜೀವ ಹೋಗುವಷ್ಟು ನೋವು. ವಯಸ್ಸಾಯಿತು, ರಕ್ತ ಓಡಾಟ ಸರಿಯಿಲ್ಲ ಅಂತಾರೆ. ಅವರು ಬಹಳ ವರ್ಷ ಯುರೋಪಿನಲ್ಲಿ ಕಾಡಿನ ಅಂಚಿನ ಮನೆಯಲ್ಲಿದ್ದರು.

ಉತ್ತರ: ಕೊನೆಯ ಸಾಲನ್ನು ಚರ್ಮದ ವೈದ್ಯರಿಗೆ ಮೊದಲು ಹೇಳಿ. ಬೊರೇಲಿಯಾ ಅಫ್ಜೆಲಿ ಎಂಬ ತಳಿ ವರ್ಷಗಳ ಕಾಲ ಚರ್ಮದಲ್ಲೇ ಉಳಿದು ಹೀಗೆ ಮಾಡುತ್ತದೆ. ವಯಸ್ಸಾದ ಹೆಂಗಸರಲ್ಲೇ ಹೆಚ್ಚು. ಚರ್ಮ ಸಿಗರೇಟಿನ ಕಾಗದದಷ್ಟು ತೆಳುವಾಗುತ್ತದೆ. ಆಗ ಜರ್ಮನಿಯಲ್ಲಿದ್ದ, ಈಗ ಪೋಲೆಂಡಿಗೆ ಸೇರಿದ ಬ್ರೆಸ್ಲಾವ್ ನಗರದಲ್ಲಿ ಇದನ್ನು 1883ರಲ್ಲೇ ಬರೆದಿಟ್ಟಿದ್ದಾರೆ, ಬ್ಯಾಕ್ಟೀರಿಯಾ ಸಿಗುವುದಕ್ಕೆ ಸುಮಾರು ನೂರು ವರ್ಷ ಮೊದಲು. ಅದೇ ಕಾಲಿನ ನರಗಳೂ ಕೆಡುವುದರಿಂದ ಮುಟ್ಟಿದರೆ ನೋವು, ಜೋಮು. ರಕ್ತದಲ್ಲಿ ಪ್ರತಿಕಾಯದ ಮಟ್ಟ ಬಹಳ ಮೇಲಿರುತ್ತದೆ, ಚರ್ಮದ ಸಣ್ಣ ತುಣುಕು ತೆಗೆದು ನೋಡುತ್ತಾರೆ. 3ರಿಂದ 4 ವಾರ ಆ್ಯಂಟಿಬಯೋಟಿಕ್ ಕೊಟ್ಟರೆ ಕೆಂಪು, ಊತ ಇಳಿಯುತ್ತದೆ. ತೆಳುವಾದ ಚರ್ಮ ಮಾತ್ರ ಮೊದಲಿನಂತೆ ಆಗುವುದಿಲ್ಲ. ಹೊರಡುವ ಮುಂಚೆ ಕಾಲಿನ ನಾಡಿ ನೋಡಿಸಿ. ನಿಜವಾಗಿಯೂ ರಕ್ತ ಓಡಾಟದ ತೊಂದರೆಯೂ ಜೊತೆಗಿರಬಹುದು.

ಪ್ರಶ್ನೆ: ನನಗೆ 26. ವರ್ಷದ ಹಿಂದೆ ಕೆಂಪು ಮಚ್ಚೆ ಬಂದ ವಾರದಲ್ಲೇ 10 ದಿನ ಡಾಕ್ಸಿಸೈಕ್ಲಿನ್ ತೆಗೆದುಕೊಂಡೆ. ಆದರೂ ಸುಸ್ತು, ಸ್ವಲ್ಪ ಓಡಿದರೆ ಮಾರನೇ ದಿನ ಕಾಲು ಕಲ್ಲಿನ ಭಾರ. ರಾತ್ರಿ ಮಲಗಿದರೆ ಕಾಲು ಸುಮ್ನೆ ಇಡೋಕೆ ಆಗಲ್ಲ, ಎದ್ದು ನಡೆದರೆ ಸರಿಹೋಗುತ್ತೆ. ಮತ್ತೆ ಮತ್ತೆ ಪರೀಕ್ಷೆ ಮಾಡಿಸಿದರೂ ಪಾಸಿಟಿವ್ ಬರುತ್ತಿದೆ. ಒಬ್ಬ ಡಾಕ್ಟರು ಎಲ್ಲ ಮನಸ್ಸಿನದು ಅಂದರು.

ಉತ್ತರ: ಪರೀಕ್ಷೆ ಮಾಡಿಸುವುದನ್ನು ನಿಲ್ಲಿಸಿ. ಎಲಿಸಾ, ವೆಸ್ಟರ್ನ್ ಬ್ಲಾಟ್ ಎಂಬ ರಕ್ತ ಪರೀಕ್ಷೆಗಳು ಹುಡುಕುವುದು ಬ್ಯಾಕ್ಟೀರಿಯಾವನ್ನಲ್ಲ, ಅದರ ವಿರುದ್ಧ ಮೈ ಮಾಡಿಕೊಂಡ ಪ್ರತಿಕಾಯವನ್ನು. ಅದು ವರ್ಷಗಟ್ಟಲೆ ಉಳಿಯುತ್ತದೆ. ಕಾಯಿಲೆ ಹೋಯಿತೋ ಇಲ್ಲವೋ ಅಂತ ಹೇಳುವ ಶಕ್ತಿ ಅದಕ್ಕಿಲ್ಲ. ಹೊಸ ಉಣುಗು, ಹೊಸ ಮಚ್ಚೆ ಕಂಡರೆ ಮಾತ್ರ ಹೊಸ ಸೋಂಕಿನ ಮಾತು.

ಮನಸ್ಸಿನದು ಅಂದದ್ದು ಸರಿಯಲ್ಲ. ಸರಿಯಾಗಿ ಔಷಧ ತೆಗೆದುಕೊಂಡವರಲ್ಲೂ ನೂರಕ್ಕೆ 5ರಿಂದ 10 ಜನರಿಗೆ ಸುಸ್ತು, ಮೈಕೈ ನೋವು ಆರು ತಿಂಗಳಾದರೂ ಉಳಿಯುತ್ತದೆ. ಕಾರಣ ಇನ್ನೂ ಚರ್ಚೆಯಲ್ಲಿದೆ, ನೋವು ಸುಳ್ಳಲ್ಲ. ಮಾರನೇ ದಿನ ಕಾಲು ಭಾರವಾಗದಷ್ಟು ದೂರ ಎಷ್ಟು ಅಂತ ಕಂಡುಕೊಳ್ಳಿ. ಅದು ಬೀದಿಯ ತಿರುವಿನವರೆಗೆ ಮಾತ್ರ ಅಂದರೂ ಅಷ್ಟೇ ನಡೆಯಿರಿ. ವಾರಕ್ಕೆ ಸ್ವಲ್ಪ ಸ್ವಲ್ಪ ಏರಿಸಿ. ಒಳ್ಳೆಯ ದಿನ ಬಂತು ಅಂತ ಒಮ್ಮೆಲೇ ಓಡಬೇಡಿ.

ರಾತ್ರಿಯ ಚಡಪಡಿಕೆ ಬೇರೆಯೇ ಅನ್ನಿಸುತ್ತದೆ. ಮೇಲಿನ ಪತ್ರದ ತಂದೆಯವರೂ ರಾತ್ರಿ ನಡೆಯುತ್ತಿದ್ದರು, ಆದರೆ ನೋವು ತಾಳಲಾರದೆ. ನಿಮಗೆ ಕಾಲು ಆಡಿಸುವ ಒತ್ತಾಯ, ನಡೆದರೆ ಶಮನ. ಇದು ರೆಸ್ಟ್‌ಲೆಸ್ ಲೆಗ್ಸ್ ಎಂಬ ತೊಂದರೆ ಇರಬಹುದು. ಫೆರಿಟಿನ್, ಅಂದರೆ ಮೈಯಲ್ಲಿ ಕಬ್ಬಿಣ ಎಷ್ಟು ಕೂಡಿಟ್ಟಿದೆ ಅನ್ನುವ ರಕ್ತ ಪರೀಕ್ಷೆ, ನೋಡಿಸಿ. ಲ್ಯಾಬಿನವರು ನಾರ್ಮಲ್ ಅಂತ ಬರೆದಿದ್ದರೂ ಲೀಟರಿಗೆ 75 ಮೈಕ್ರೋಗ್ರಾಂಗಿಂತ ಕಡಿಮೆ ಇದ್ದರೆ ಕಬ್ಬಿಣದ ಮಾತ್ರೆಯಿಂದ ಉಪಯೋಗ ಆಗಬಹುದು. ಈ ಒಂದು ಸರಿಹೋಗಿ ನಿದ್ದೆ ಬಂದರೆ ಹಗಲಿನ ಸುಸ್ತಿನಲ್ಲೂ ಒಂದಿಷ್ಟು ಇಳಿಯುತ್ತದೆ.

ಪ್ರಶ್ನೆ: ನಿನ್ನೆ ಲೈಮ್‌ಗೆ ಮೊದಲ ಡಾಕ್ಸಿಸೈಕ್ಲಿನ್ ಮಾತ್ರೆ ನುಂಗಿದೆ. ರಾತ್ರಿ ಚಳಿಜ್ವರ, ಕಾಲು ಮುರಿಯುವ ಹಾಗೆ ನೋವು. ಮಾತ್ರೆ ಒಗ್ಗಲಿಲ್ಲವಾ? ನಿಲ್ಲಿಸಲಾ?

ಉತ್ತರ: ನೀವಾಗಿ ನಿಲ್ಲಿಸಬೇಡಿ, ಬರೆದುಕೊಟ್ಟವರಿಗೆ ಫೋನು ಮಾಡಿ. ಮೊದಲ ದಿನ ಬ್ಯಾಕ್ಟೀರಿಯಾ ಒಟ್ಟಿಗೆ ಸಾಯುವಾಗ ಕೆಲವರಿಗೆ ಹೀಗಾಗುತ್ತದೆ. ಸಾಮಾನ್ಯವಾಗಿ ಒಂದು ದಿನದಲ್ಲಿ ಇಳಿಯುತ್ತದೆ. ಮೈಮೇಲೆ ದದ್ದು, ಮುಖದ ಊತ, ಉಸಿರಾಟದ ತೊಂದರೆ ಇದ್ದರೆ ಅದು ಅಲರ್ಜಿ, ಆಗ ಮುಂದಿನ ಮಾತ್ರೆ ಬೇಡ, ತಕ್ಷಣ ತುರ್ತು ಚಿಕಿತ್ಸೆಗೆ ಹೋಗಿ. ಜ್ವರ ಎರಡು ದಿನ ದಾಟಿದರೆ ಅದೇ ಉಣುಗು ಬಬೇಸಿಯಾ ಅಥವಾ ಅನಾಪ್ಲಾಸ್ಮಾ ಎಂಬ ಬೇರೆ ರೋಗಾಣುಗಳನ್ನೂ ಜೊತೆಗೆ ತಂದಿದೆಯೇ ಅಂತ ರಕ್ತ ನೋಡಬೇಕು. ಮೈಕೈ ನೋವು, ಚಳಿ ಅವೂ ಕೊಡುತ್ತವೆ, ಮತ್ತು ಬಬೇಸಿಯಾಕ್ಕೆ ಡಾಕ್ಸಿಸೈಕ್ಲಿನ್ ಸಾಲದು. ಈ ಮಾತ್ರೆ ನಡೆಯುವಷ್ಟು ದಿನ ಬಿಸಿಲಿಗೆ ಹೋಗುವಾಗ ಕಾಲು, ಪಾದ ಮುಚ್ಚಿಕೊಳ್ಳಿ, ಸ್ವಲ್ಪ ಬಿಸಿಲಿಗೇ ಚರ್ಮ ಸುಟ್ಟು ಇನ್ನೊಂದು ಬಗೆಯ ಕಾಲು ನೋವು ಶುರುವಾಗುತ್ತದೆ. ತುಂಬು ಲೋಟ ನೀರಿನ ಜೊತೆ ನುಂಗಿ, ಅರ್ಧ ಗಂಟೆ ಮಲಗಬೇಡಿ.